ಕುದುರೆಯ ಹೊಟ್ಟೆ ಹುಣ್ಣು: ಲಾಯದ ಮಾತು, ಜಠರದ ಸತ್ಯ

ನಮ್ಮ ಹಲವು ಸವಾರಿ ಶಾಲೆಗಳ ದಿನಚರಿ ಹೆಚ್ಚುಕಡಿಮೆ ಒಂದೇ. ಸಂಜೆ ಆರಕ್ಕೆ ದಾಣಿ, ಜೊತೆಗೊಂದು ಹೊರೆ ಹುಲ್ಲು. ಏಳರ ಹೊತ್ತಿಗೆ ಸೈಸ್‌ಗಳು ಮನೆಗೆ. ಒಂಬತ್ತಕ್ಕೆಲ್ಲ ಹುಲ್ಲು ಖಾಲಿ. ಬೆಳಗ್ಗೆ ಬಿಸಿಲೇರುವ ಮುನ್ನ ಕ್ಲಾಸು ಮುಗಿಯಬೇಕಾದ್ದರಿಂದ ಐದೂವರೆಗೇ ಜೀನು ಬೀಳುತ್ತದೆ, ಮತ್ತೆ ಮೇವು ಕಾಣುವುದು ಎಂಟಕ್ಕೆ. ನಡುವೆ ಹನ್ನೊಂದು ಗಂಟೆ ಕುದುರೆಯ ಬಾಯಿ ಆಡಿಲ್ಲ.

ಈ ಹನ್ನೊಂದು ಗಂಟೆಯಲ್ಲಿ ಅದರ ಜಠರದೊಳಗೆ ಏನು ನಡೆಯುತ್ತದೆ ಎಂದು ತಿಳಿದರೆ ಹೊಟ್ಟೆ ಹುಣ್ಣಿನ ವಿಷಯ ಅರ್ಧ ತಿಳಿದಂತೆ. ಇನ್ನರ್ಧ ತಿಳಿಯಬೇಕಾದರೆ ಲಾಯಗಳಲ್ಲಿ ಬಾಯಿಂದ ಬಾಯಿಗೆ ದಾಟಿ ಬಂದ ಕೆಲವು ನಂಬಿಕೆಗಳನ್ನು ಕೈಬಿಡಬೇಕು. ಈ ಮಾತುಗಳನ್ನು ಆಡುವವರು ದಡ್ಡರೇನಲ್ಲ. ಮನುಷ್ಯನ ಹೊಟ್ಟೆಯ ಬಗ್ಗೆ, ಎಮ್ಮೆ ದನದ ಹೊಟ್ಟೆಯ ಬಗ್ಗೆ ಅವರಿಗಿರುವ ತಿಳಿವಳಿಕೆ ಸರಿಯಾಗಿಯೇ ಇದೆ. ಕುದುರೆಯ ಹೊಟ್ಟೆ ಮಾತ್ರ ಆ ಎರಡೂ ಲೆಕ್ಕಕ್ಕೆ ಸಿಗುವುದಿಲ್ಲ.

‘ಅಲ್ಸರ್ ಬರೋದು ರೇಸ್ ಕುದುರೆಗಳಿಗೆ, ನಮ್ಮದಕ್ಕಲ್ಲ’

ರೇಸ್ ಕುದುರೆಗಳಿಗೆ ಹೆಚ್ಚು ಎಂಬುದು ನಿಜ. ತರಬೇತಿಯಲ್ಲಿರುವ ಥರೋಬ್ರೆಡ್‌ಗಳ ಹೊಟ್ಟೆಗೆ ಎಂಡೋಸ್ಕೋಪ್ ಇಳಿಸಿ ನೋಡಿದ ಅಧ್ಯಯನಗಳಲ್ಲಿ ಶೇ 80ರಿಂದ 100ರಷ್ಟು ಕುದುರೆಗಳಲ್ಲಿ ಹುಣ್ಣು ಸಿಕ್ಕಿದೆ. ಆದರೆ ಪ್ರದರ್ಶನಕ್ಕೆ, ಜಂಪಿಂಗ್ ಮುಂತಾದ ಕ್ರೀಡೆಗೆ ಬಳಸುವ ಕುದುರೆಗಳಲ್ಲೂ ಈ ಪ್ರಮಾಣ ಶೇ 17ರಿಂದ 58ರವರೆಗೆ ಇದೆ. ದೂರದ ಓಟದ ಎಂಡ್ಯೂರೆನ್ಸ್ ಕುದುರೆಗಳದಂತೂ ಸ್ಪರ್ಧೆಯಿಲ್ಲದ ತಿಂಗಳುಗಳಲ್ಲಿ ಶೇ 48, ಸ್ಪರ್ಧೆಯ ಕಾಲದಲ್ಲಿ ಶೇ 66ರಿಂದ 93.

ಇನ್ನೊಂದು ವಿಷಯವನ್ನು ನಾವು ಮರೆಯುತ್ತೇವೆ. ಬೆಂಗಳೂರು, ಮೈಸೂರಿನ ಸವಾರಿ ಶಾಲೆಗಳಲ್ಲಿ ಮಕ್ಕಳನ್ನು ಹೊತ್ತು ತಿರುಗುವ ಎಷ್ಟೋ ಕುದುರೆಗಳು ರೇಸಿನಿಂದ ನಿವೃತ್ತಿಯಾಗಿ ಬಂದವು. ರೇಸ್‌ಕೋರ್ಸಿನಿಂದ ಲಾರಿ ಹತ್ತಿ ಶಾಲೆಗೆ ಬಂದ ದಿನವೇ ಅವುಗಳ ಹೊಟ್ಟೆ ಹೊಸದಾಗುವುದಿಲ್ಲ. ಆ ಲಾರಿ ಪ್ರಯಾಣವೂ ಲೆಕ್ಕಕ್ಕೆ ಸೇರುತ್ತದೆ. ಆರೋಗ್ಯವಾಗಿದ್ದ ಕುದುರೆಗಳನ್ನು ಸಾಗಿಸಿ, ಹೊಸ ಜಾಗದಲ್ಲಿ ಕಟ್ಟಿ, ಹಗುರವಾದ ವ್ಯಾಯಾಮ ಮಾತ್ರ ಕೊಟ್ಟು ನೋಡಿದ ಅಮೆರಿಕದ ಪ್ರಯೋಗವೊಂದರಲ್ಲಿ ಐದೇ ದಿನಗಳಲ್ಲಿ ಹುಣ್ಣು ಮೂಡಿತ್ತು. ದಸರಾ ಮೆರವಣಿಗೆಯ ಅಭ್ಯಾಸಕ್ಕೆಂದು ಜಾಗ ಬದಲಾಯಿಸುವ ಕುದುರೆಗೂ, ಜಂಪಿಂಗ್ ಸ್ಪರ್ಧೆಗೆಂದು ಊರೂರು ಸುತ್ತುವ ಕುದುರೆಗೂ ಈ ಮಾತು ಅನ್ವಯಿಸುತ್ತದೆ. ಮಾರವಾಡಿಯೋ ಕಾಠಿಯಾವಾಡಿಯೋ ದೇಸಿ ತಟ್ಟುವೋ ಆದರೆ ಗಟ್ಟಿ ಹೊಟ್ಟೆ ಎಂದು ಹೇಳುವವರಿದ್ದಾರೆ. ಆಮ್ಲ ಸುರಿಸುವುದನ್ನು ನಿಲ್ಲಿಸುವ ಜಠರವನ್ನು ಯಾವ ತಳಿಯೂ ಪಡೆದು ಬಂದಿಲ್ಲ.

‘ಹೊಟ್ಟೆ ಖಾಲಿ ಇದ್ರೆ ಕುದುರೆ ಹಗುರಾಗಿ ಓಡುತ್ತೆ’

ಎಲ್ಲಕ್ಕಿಂತ ಹೆಚ್ಚು ಕೇಡು ಮಾಡುವ ನಂಬಿಕೆ ಇದು. ಆದ್ದರಿಂದ ಇಲ್ಲಿ ಸ್ವಲ್ಪ ನಿಂತು ನೋಡೋಣ.

ನಾವು ಉಂಡಾಗ, ಊಟದ ವಾಸನೆ ಬಂದಾಗ ನಮ್ಮ ಹೊಟ್ಟೆಯಲ್ಲಿ ಆಮ್ಲ ಹೆಚ್ಚುತ್ತದೆ. ಕುದುರೆಯ ಜಠರ ತಿಂದರೂ ತಿನ್ನದಿದ್ದರೂ, ಹಗಲೂ ರಾತ್ರಿಯೂ ಆಮ್ಲ ಸುರಿಸುತ್ತಲೇ ಇರುತ್ತದೆ. ಗಂಟೆಗೆ ಒಂದೂವರೆ ಲೀಟರ್‌ವರೆಗೂ ಜಠರರಸ ಬರಬಹುದು. ದಿನಕ್ಕೆ ಹದಿನಾರು ಹದಿನೇಳು ಗಂಟೆ ತಲೆ ತಗ್ಗಿಸಿ ಮೇಯುವ ಪ್ರಾಣಿಗೆ ಈ ವ್ಯವಸ್ಥೆ ಸರಿಯಾಗಿಯೇ ಇತ್ತು. ಬಾಯಿಗೆ ಹುಲ್ಲು ಬರುತ್ತಲೇ ಇರುತ್ತಿತ್ತು, ಹುಲ್ಲಿನ ಜೊತೆ ಜೊಲ್ಲು ಇಳಿಯುತ್ತಿತ್ತು, ಜೊಲ್ಲಿನಲ್ಲಿರುವ ಬೈಕಾರ್ಬೊನೇಟ್ ಆಮ್ಲದ ಹುಳಿಯನ್ನು ತಗ್ಗಿಸುತ್ತಿತ್ತು. ತೊಡಕು ಇರುವುದು ಮುಂದಿನ ಸಂಗತಿಯಲ್ಲಿ. ಮನುಷ್ಯನಿಗೆ ಸುಮ್ಮನೆ ಕೂತಿದ್ದರೂ ಬಾಯಲ್ಲಿ ಜೊಲ್ಲು ಊರುತ್ತದೆ. ಕುದುರೆಗೆ ಅಗಿದರೆ ಮಾತ್ರ. ಬಾಯಿ ನಿಂತ ಕೂಡಲೇ ಜೊಲ್ಲು ನಿಲ್ಲುತ್ತದೆ, ಆಮ್ಲ ಮಾತ್ರ ನಿಲ್ಲುವುದಿಲ್ಲ.

ಇನ್ನು ಜಠರದ ರಚನೆ. ಐನೂರು ಕಿಲೊ ತೂಗುವ ಕುದುರೆಯ ಜಠರ ಹಿಡಿಯುವುದು ಎಂಟರಿಂದ ಹದಿನೈದು ಲೀಟರ್ ಮಾತ್ರ, ಆ ಮೈಕಟ್ಟಿಗೆ ತೀರಾ ಸಣ್ಣದು. ಒಳಗೋಡೆಯ ಕೆಳಗಿನ ಮೂರನೇ ಎರಡು ಭಾಗದಲ್ಲಿ ಗ್ರಂಥಿಗಳಿವೆ. ಆಮ್ಲ ಹುಟ್ಟುವುದೂ ಅಲ್ಲಿಯೇ, ಆಮ್ಲದಿಂದ ತನ್ನನ್ನು ಕಾಯ್ದುಕೊಳ್ಳುವ ಲೋಳೆಯ ಪದರ ಇರುವುದೂ ಅಲ್ಲಿಯೇ. ಮೇಲಿನ ಮೂರನೇ ಒಂದು ಭಾಗ ಅನ್ನನಾಳದ ಒಳಗೋಡೆಯಂತೆ ಬರಿದು. ಅದಕ್ಕೆ ಲೋಳೆಯ ಹೊದಿಕೆ ಇಲ್ಲ. ಎರಡರ ನಡುವಿನ ಏರುತಗ್ಗಿನ ಗಡಿಗೆರೆಗೆ ಪಶುವೈದ್ಯರು ಮಾರ್ಗೋ ಪ್ಲೈಕೇಟಸ್ ಎನ್ನುತ್ತಾರೆ. ಮೇಲ್ಭಾಗದ ಹುಣ್ಣುಗಳು ಹೆಚ್ಚಾಗಿ ಈ ಗೆರೆಯ ಆಸುಪಾಸಿನಲ್ಲೇ ಏಳುತ್ತವೆ.

ನಿಂತ ಕುದುರೆಯಲ್ಲಿ ಆಮ್ಲ ಕೆಳಗಿರುತ್ತದೆ. ಟ್ರಾಟ್ ಶುರುವಾದ ಕೂಡಲೇ ಹೊಟ್ಟೆಯ ಸ್ನಾಯುಗಳು ಬಿಗಿದು, ಜಠರ ಒತ್ತಿಕೊಂಡು, ಒಳಗಿನ ಆಮ್ಲ ಆ ಬರಿಗೋಡೆಗೆ ಏರುತ್ತದೆ. ವೇಗ ಹೆಚ್ಚಿದಷ್ಟೂ ಈ ಒತ್ತಡವೂ ಹೆಚ್ಚು. ಟ್ರೆಡ್‌ಮಿಲ್ ಮೇಲೆ ಕುದುರೆಗಳನ್ನು ಓಡಿಸಿ, ಜಠರದೊಳಗಿನ ಒತ್ತಡ ಮತ್ತು ಆಮ್ಲತೆಯನ್ನು ಅಳೆದು 2002ರಲ್ಲೇ ಇದನ್ನು ಅಮೆರಿಕದ ಸಂಶೋಧಕರು ತೋರಿಸಿದ್ದಾರೆ. ಖಾಲಿ ಹೊಟ್ಟೆಯಲ್ಲಿ ಓಡಿಸುವುದೆಂದರೆ ಬರಿಗೋಡೆಗೆ ಬರಿ ಆಮ್ಲ ಎರಚುವುದು.

ಹಾಗಾದರೆ ಒಳಗೆ ಏನಾದರೂ ಇದ್ದರೆ? ಹಳ್ಳಿಯಲ್ಲಿ ನೀರು ಹೊರುವ ಹೆಂಗಸರು ಕೊಡದ ಬಾಯಿಗೆ ಒಂದು ಹಿಡಿ ಸೊಪ್ಪು ಹಾಕಿಕೊಂಡು ನಡೆಯುತ್ತಿದ್ದರಲ್ಲ, ನೀರು ತುಳುಕದಿರಲೆಂದು, ಜಠರದಲ್ಲಿರುವ ನಾರಿನ ಮೇವು ಮಾಡುವ ಕೆಲಸವೂ ಅದೇ. ಅಗಿದು ಇಳಿದ ಹುಲ್ಲು ಮೇಲೊಂದು ಪದರವಾಗಿ ನಿಲ್ಲುತ್ತದೆ. ಹಾಗಾಗಿ ಜೀನು ಹಾಕುವ ಅರ್ಧ ಗಂಟೆ ಮುಂಚೆ ತುಸು ಕತ್ತರಿಸಿದ ಒಣಮೇವು ಕೊಡಬೇಕು ಎಂದು ಈಗ ಹೇಳುತ್ತಾರೆ. ಅದು ಕುದುರೆ ಮಸಾಲೆ ಸೊಪ್ಪಾದರೆ ಇನ್ನೂ ಒಳ್ಳೆಯದು. ಅದರಲ್ಲಿರುವ ಕ್ಯಾಲ್ಸಿಯಂ ಮತ್ತು ಪ್ರೋಟೀನ್ ಆಮ್ಲದ ಹುಳಿಯನ್ನು ಇಳಿಸುತ್ತವೆ. ಈ ಸಲಹೆ ಹುಲ್ಲಿಗೆ ಮಾತ್ರ. ಸವಾರಿಗೆ ಮುಂಚೆ ಬಕೆಟ್ ತುಂಬ ದಾಣಿ ಕೊಡುವುದು ಬೇರೆಯೇ ತೊಂದರೆಗೆ ದಾರಿ.

ರಾತ್ರಿಯ ಮಾತಿಗೆ ಬರೋಣ. ಲಾಯದಲ್ಲಿ ಕಟ್ಟಿದ ಕುದುರೆಗಳ ಜಠರದ ಆಮ್ಲತೆಯನ್ನು ದಿನವಿಡೀ ಅಳೆದು ನೋಡಿದಾಗ, ರಾತ್ರಿ ಒಂದರಿಂದ ಬೆಳಗಿನ ಒಂಬತ್ತರವರೆಗಿನ ಹೊತ್ತಿನಲ್ಲಿ ಅದು ಅತಿ ಹೆಚ್ಚಾಗಿರುವುದು ಕಂಡುಬಂತು. ಕುದುರೆಗಳು ಆಗ ಕಡಿಮೆ ತಿನ್ನುತ್ತವೆ, ತಿನ್ನಲು ಏನೂ ಇಲ್ಲದಿದ್ದರಂತೂ ಕೇಳುವುದೇ ಬೇಡ. ನಮ್ಮ ಬೆಳಗಿನ ಕ್ಲಾಸು ಬೀಳುವುದು ಸರಿಯಾಗಿ ಈ ಹೊತ್ತಿನಲ್ಲಿ.

ನನ್ನ ಮಟ್ಟಿಗೆ ಇದು ಔಷಧಿಯ ಪ್ರಶ್ನೆಗಿಂತ ಹೆಚ್ಚಾಗಿ ಪಾಳಿಯ ಪ್ರಶ್ನೆ. ರಾತ್ರಿ ಹತ್ತಕ್ಕೆ ಇನ್ನೊಂದು ಬಲೆ ತುಂಬ ಹುಲ್ಲು ಕಟ್ಟುವವರು ಯಾರು, ಬೆಳಗ್ಗೆ ಐದಕ್ಕೆ ಒಂದು ಹಿಡಿ ಹಾಕುವವರು ಯಾರು? ಸೈಸ್‌ಗೆ ಆ ಹೊತ್ತಿನ ಸಂಬಳ ಯಾರೂ ಕೊಡುವುದಿಲ್ಲ, ಆದ್ದರಿಂದ ಅವನು ಆ ಹೊತ್ತಿಗೆ ಇರುವುದಿಲ್ಲ. ತಿಂಗಳ ಕೊನೆಗೆ ಆ ಹಣ ಔಷಧಿ ಅಂಗಡಿಯ ಬಿಲ್ಲಿನಲ್ಲಿ ಹತ್ತು ಪಟ್ಟಾಗಿ ಹೊರಬೀಳುತ್ತದೆ. ರಾತ್ರಿ ಕಾವಲುಗಾರ ಹೇಗೂ ಇರುವ ಲಾಯಗಳಲ್ಲಿ ಅವನ ಕೈಗೇ ಈ ಕೆಲಸ ವಹಿಸಿ, ಅದಕ್ಕೆಂದು ಸಂಬಳ ಹೆಚ್ಚಿಸಬಹುದು. ಸಣ್ಣ ಕಣ್ಣಿನ ಬಲೆಯಲ್ಲಿ ಹುಲ್ಲು ಕಟ್ಟಿದರೆ ಕುದುರೆ ಒಂದೊಂದೇ ಎಸಳು ಎಳೆದು ತಿನ್ನಬೇಕಾಗುತ್ತದೆ, ಅಷ್ಟೇ ಹುಲ್ಲು ಇನ್ನೂ ತುಸು ಹೊತ್ತು ಬರುತ್ತದೆ.

‘ಹುಲ್ಲು ಬರೀ ಹೊಟ್ಟೆ ತುಂಬಿಸೋಕೆ, ಶಕ್ತಿ ಬೇಕಂದ್ರೆ ದಾಣಿ’

ಒಂದು ಕಿಲೊ ಒಣಹುಲ್ಲು ತಿನ್ನಲು ಕುದುರೆಗೆ ಸುಮಾರು ನಲವತ್ತು ನಿಮಿಷ ಬೇಕು. ಒಂದು ಕಿಲೊ ಓಟ್ಸ್ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಕಡಿಮೆ ಅಗಿತ ಎಂದರೆ ಕಡಿಮೆ ಜೊಲ್ಲು. ಸಾಲದ್ದಕ್ಕೆ ಧಾನ್ಯದ ಪಿಷ್ಟ ಜಠರದಲ್ಲೇ ಹುದುಗಲು ತೊಡಗಿ ಬೇರೆ ಬಗೆಯ ಆಮ್ಲಗಳನ್ನು ಹುಟ್ಟಿಸುತ್ತದೆ, ಅವು ಜಠರಾಮ್ಲದ ಜೊತೆ ಸೇರಿ ಬರಿಗೋಡೆಯನ್ನು ಇನ್ನಷ್ಟು ಸುಡುತ್ತವೆ.

ಡೆನ್ಮಾರ್ಕಿನಲ್ಲಿ ರೇಸಿಗೆ ಸೇರದ 201 ಕುದುರೆಗಳನ್ನು ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಇಂದಿಗೂ ಆಧಾರ. ದೇಹದ ತೂಕದ ಪ್ರತಿ ಕಿಲೊಗೆ ದಿನಕ್ಕೆ ಎರಡು ಗ್ರಾಮಿಗಿಂತ ಹೆಚ್ಚು ಪಿಷ್ಟ ತಿನ್ನುತ್ತಿದ್ದ ಕುದುರೆಗಳಲ್ಲಿ ಹುಣ್ಣಿನ ಸಾಧ್ಯತೆ ಸುಮಾರು ಎರಡು ಪಟ್ಟಾಗಿತ್ತು. ಅದನ್ನು ನಮ್ಮ ಲೆಕ್ಕಕ್ಕೆ ತರೋಣ. ಐನೂರು ಕಿಲೊ ಕುದುರೆಗೆ ದಿನಕ್ಕೆ ಒಂದು ಕಿಲೊ ಪಿಷ್ಟ ಮೇಲ್ಮಿತಿ. ಓಟ್ಸಿನಲ್ಲಿ ಶೇ 40ರ ಮೇಲೆ ಪಿಷ್ಟವಿರುವುದರಿಂದ ಎರಡೂವರೆ ಕಿಲೊ ಒಳಗೆ ಈ ಮಿತಿ ಮುಟ್ಟುತ್ತದೆ. ಮೆಕ್ಕೆಜೋಳವಾದರೆ ಒಂದೂವರೆ ಕಿಲೊ ಸಾಕು. ಒಂದು ಹೊತ್ತಿಗೆ ಕೊಡುವ ಪಿಷ್ಟ ಕಿಲೊ ತೂಕಕ್ಕೆ ಒಂದು ಗ್ರಾಮಿನೊಳಗೆ ಇರಬೇಕು, ಅಂದರೆ ಓಟ್ಸ್ ಹೊತ್ತಿಗೆ ಒಂದು ಕಿಲೊ ಚಿಲ್ಲರೆ. ಬೇಯಿಸಿದ ಹುರುಳಿ, ಕಡಲೆ, ಬೂಸಾ ಸೇರಿಸಿದರೆ ಅವುಗಳಲ್ಲಿನ ಪಿಷ್ಟವೂ ಕೂಡುತ್ತದೆ. ವಾರಕ್ಕೆ ನಾಲ್ಕು ದಿನ ಮಕ್ಕಳನ್ನು ಹೊತ್ತು ಸುತ್ತು ಹಾಕುವ ಕುದುರೆಗೆ ಇಷ್ಟು ದಾಣಿ ಏತಕ್ಕೆ ಬೇಕು ಎಂದು ಯಾರೂ ಕೇಳುವುದಿಲ್ಲ. ‘ಚೆನ್ನಾಗಿ ಸಾಕಿದ್ದೀವಿ’ ಎಂದು ತೋರಿಸಿಕೊಳ್ಳಲು ದಾಣಿಯ ಬಕೆಟ್ ಅನುಕೂಲ, ಹುಲ್ಲಿನ ಹೊರೆಗೆ ಆ ಮರ್ಯಾದೆ ಇಲ್ಲ.

ಹುಲ್ಲು ಎಷ್ಟು ಬೇಕು? ಒಣ ತೂಕದ ಲೆಕ್ಕದಲ್ಲಿ ದೇಹದ ತೂಕದ ಶೇ ಒಂದೂವರೆಯಿಂದ ಎರಡು, ಅಂದರೆ ಐನೂರು ಕಿಲೊಗೆ ಏಳೂವರೆಯಿಂದ ಹತ್ತು ಕಿಲೊ. ಕೊಯ್ದು ತಂದ ಹಸಿ ಗರಿಕೆ ಹಾಕುವ ಕಡೆ ಎಲ್ಲರೂ ಎಡವುವುದು ಇಲ್ಲೇ. ಹಸಿ ಹುಲ್ಲಿನಲ್ಲಿ ಮುಕ್ಕಾಲು ಭಾಗಕ್ಕೂ ಹೆಚ್ಚು ನೀರು. ಮೂವತ್ತು ಕಿಲೊ ಹಸಿ ಹುಲ್ಲಿನ ರಾಶಿ ಕಣ್ಣಿಗೆ ಬೆಟ್ಟದಂತೆ ಕಂಡರೂ ಒಣಲೆಕ್ಕದಲ್ಲಿ ಆರು ಏಳು ಕಿಲೊ ದಾಟುವುದಿಲ್ಲ.

ಅದೇ ಡೆನ್ಮಾರ್ಕಿನ ಅಧ್ಯಯನದಲ್ಲಿ ಇನ್ನೆರಡು ಅಂಶಗಳು ಕಂಡವು. ಧಾನ್ಯ ಬಡಿದು ಉಳಿದ ಹುಲ್ಲನ್ನಷ್ಟೇ ನಾರಿನ ಮೇವಾಗಿ ಕೊಡುತ್ತಿದ್ದ ಕುದುರೆಗಳಲ್ಲಿ ಹುಣ್ಣಿನ ಸಾಧ್ಯತೆ ನಾಲ್ಕು ಪಟ್ಟಿಗೂ ಹೆಚ್ಚಿತ್ತು. ಅಲ್ಲಿಯದು ಗೋಧಿ, ಬಾರ್ಲಿಯಂಥ ಬೆಳೆಗಳ ಹುಲ್ಲು, ಆದರೆ ಬೇಸಿಗೆಯಲ್ಲಿ ಬೇರೇನೂ ಸಿಗದೆ ಬರೀ ಭತ್ತದ ಹುಲ್ಲಿನ ಮೇಲೆ ಕುದುರೆ ಸಾಕುವವರೂ ಈ ಎಚ್ಚರಿಕೆಯನ್ನು ಕಿವಿಗೆ ಹಾಕಿಕೊಳ್ಳಬೇಕು. ಒಳ್ಳೆಯ ಹುಲ್ಲಿನ ಜೊತೆ ಒಂದು ಪಾಲು ಬೆರೆಸುವುದು ಬೇರೆ, ಅದನ್ನೇ ಊಟ ಮಾಡುವುದು ಬೇರೆ. ಎರಡನೆಯದು ನೀರು. ಬಿಟ್ಟ ಜಾಗದಲ್ಲಿ ಕುಡಿಯಲು ನೀರಿಲ್ಲದ ಕುದುರೆಗಳಲ್ಲೂ ಹುಣ್ಣು ಹೆಚ್ಚು.

‘ಹುಣ್ಣಿದ್ರೆ ನೋಡಿದ್ರೇ ಗೊತ್ತಾಗುತ್ತೆ’

ಇಲ್ಲಿ ತಪ್ಪು ಎರಡೂ ಕಡೆಯಿಂದ ಆಗುತ್ತದೆ. ಒಂದೆಡೆ, ಮೈ ತುಂಬಿಕೊಂಡು ಹೊಳೆಯುವ ಕುದುರೆಗೆ ಹುಣ್ಣಿರಲಾರದು ಎಂಬ ಭರವಸೆ. ಇನ್ನೊಂದೆಡೆ, ಜೀನಿನ ಹೊಟ್ಟೆಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆಳೆದು ಕಚ್ಚಲು ಬಂದ ಕುದುರೆಗೆಲ್ಲ ಅಲ್ಸರ್ ಎಂಬ ತೀರ್ಮಾನ.

ದಾಣಿ ಅರ್ಧಕ್ಕೇ ಬಿಡುವುದು, ತಿಂದ ಮೇಲೆ ಸಣ್ಣಗೆ ಹೊಟ್ಟೆಶೂಲೆ, ಮೈ ಇಳಿಯುವುದು, ಕೂದಲು ಮಂಕಾಗುವುದು, ಮುಂದೆ ಹೋಗಲು ತಕರಾರು ಮಾಡುವುದು, ಇವೆಲ್ಲ ಹುಣ್ಣಿನಲ್ಲಿ ಕಾಣುವ ಲಕ್ಷಣಗಳೇ. ಇವೇ ಲಕ್ಷಣಗಳು ಹಲ್ಲಿನ ತೊಂದರೆಯಲ್ಲಿ, ಬೆನ್ನುನೋವಿನಲ್ಲಿ, ಸರಿಯಾಗಿ ಕೂರದ ಜೀನಿನಿಂದ, ಹೊಟ್ಟೆಹುಳುವಿನಿಂದ, ಕಾಲಿನ ಸಣ್ಣ ಕುಂಟಿನಿಂದಲೂ ಬರುತ್ತವೆ. ಬಾಗಿಲು ಕಚ್ಚಿ ಗಾಳಿ ನುಂಗುವ ಚಟವಿದ್ದ ಮಾತ್ರಕ್ಕೆ ಹುಣ್ಣಿದೆ ಎಂದು ಹೇಳಲು ಬರುವುದಿಲ್ಲ. ಲದ್ದಿ ಕಪ್ಪಾಗಿದೆಯೇ ಎಂದು ನೋಡುವುದಂತೂ ಮನುಷ್ಯರ ಲೆಕ್ಕ. ಕುದುರೆಯ ಉದ್ದನೆಯ ಕರುಳು ದಾಟುವಷ್ಟರಲ್ಲಿ ಜಠರದ ರಕ್ತ ಜೀರ್ಣವಾಗಿ ಹೋಗಿರುತ್ತದೆ, ಲದ್ದಿಯ ರಕ್ತಪರೀಕ್ಷೆಯನ್ನು ನಂಬಲಾಗದು.

ಖಚಿತವಾಗಿ ತಿಳಿಯಲು ಇರುವುದು ಒಂದೇ ದಾರಿ, ಗ್ಯಾಸ್ಟ್ರೋಸ್ಕೋಪಿ. ಕುದುರೆಗೆ ತುಸು ಮಂಪರಿನ ಮದ್ದು ಕೊಟ್ಟು, ಮೂಗಿನ ಮೂಲಕ ಮೂರು ಮೀಟರ್ ಉದ್ದದ ಎಂಡೋಸ್ಕೋಪ್ ಇಳಿಸಿ ಒಳಗೋಡೆ ನೋಡುತ್ತಾರೆ. ಮೇಲ್ಭಾಗದ ಹುಣ್ಣಿಗೆ ಸೊನ್ನೆಯಿಂದ ನಾಲ್ಕರವರೆಗೆ ದರ್ಜೆ. ಇದಕ್ಕೆ ಮುಂಚೆ ಸುಮಾರು ಹದಿನಾರು ಗಂಟೆ ಮೇವು ನಿಲ್ಲಿಸಬೇಕಾಗುತ್ತದೆ. ಅಷ್ಟುದ್ದದ ಎಂಡೋಸ್ಕೋಪ್ ಎಲ್ಲ ಊರಿನ ಪಶು ಆಸ್ಪತ್ರೆಯಲ್ಲಿ ಸಿಗುವ ವಸ್ತುವಲ್ಲ. ಹಾಗಾಗಿ ಎಷ್ಟೋ ಕಡೆ ಪಶುವೈದ್ಯರು ಔಷಧಿ ಕೊಟ್ಟು, ಕುದುರೆ ಸುಧಾರಿಸುವುದನ್ನು ನೋಡಿ ಅಂದಾಜು ಮಾಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಆದರೆ ಅಷ್ಟರಲ್ಲಿ ಹಲ್ಲು, ಬೆನ್ನು, ಜೀನು ಮೂರನ್ನೂ ನೋಡಿ ಮುಗಿಸಿರಬೇಕು.

‘ನಮಗೆ ಬರೋ ಹಾಗೇ, ಬ್ಯಾಕ್ಟೀರಿಯಾದಿಂದ’

ಮನುಷ್ಯರ ಹೊಟ್ಟೆ ಹುಣ್ಣಿಗೆ ಹೆಲಿಕೋಬ್ಯಾಕ್ಟರ್ ಪೈಲೋರಿ ಕಾರಣವೆಂದು ಕಂಡುಹಿಡಿದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್‌ಗೆ 2005ರಲ್ಲಿ ನೊಬೆಲ್ ಬಂತು. ಅಂದಿನಿಂದ ಅಲ್ಸರ್ ಎಂದ ಕೂಡಲೇ ಆಂಟಿಬಯೋಟಿಕ್ ನೆನಪಾಗುತ್ತದೆ. ಕುದುರೆಯಲ್ಲಿ ಹುಣ್ಣಿಗೆ ಅಂಥ ಒಂದು ಬ್ಯಾಕ್ಟೀರಿಯಾ ಕಾರಣವೆಂದು ಸಾಬೀತಾಗಿಲ್ಲ. ಜಠರದ ಕೆಳಭಾಗದ ಹುಣ್ಣಿಗೆ ಆಮ್ಲ ತಗ್ಗಿಸುವ ಔಷಧಿಯ ಜೊತೆ ಆಂಟಿಬಯೋಟಿಕ್ ಸೇರಿಸಿ ನೋಡಿದಾಗಲೂ ಹೆಚ್ಚಿನ ಲಾಭ ಸಿಗಲಿಲ್ಲ. ಸುಮ್ಮನೆ ಕೊಟ್ಟ ಆಂಟಿಬಯೋಟಿಕ್ ಕುದುರೆಯ ದೊಡ್ಡ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಕೊಂದು, ಜೀವಕ್ಕೇ ಕುತ್ತಾಗುವ ಭೇದಿ ತರಬಹುದು.

‘ನಾವು ತಗೊಳ್ಳೋ ಗ್ಯಾಸ್ಟ್ರಿಕ್ ಮಾತ್ರೆ ಪುಡಿ ಮಾಡಿ ಹಾಕಿದ್ರಾಯ್ತು’

ಕುದುರೆಯ ಹುಣ್ಣಿಗೆ ಮುಖ್ಯ ಔಷಧಿ ಒಮೆಪ್ರಜೋಲ್ ಎಂಬುದು ಸರಿ. ಕುದುರೆಗಳಿಗೆಂದೇ ತಯಾರಾದ ಪೇಸ್ಟಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1999ರಲ್ಲಿ. ಪೇಸ್ಟಿನ ಚಿಕಿತ್ಸೆಯ ಪ್ರಮಾಣ ಕಿಲೊ ತೂಕಕ್ಕೆ ನಾಲ್ಕು ಮಿಲಿಗ್ರಾಂ, ದಿನಕ್ಕೊಮ್ಮೆ, ಸಾಮಾನ್ಯವಾಗಿ 28 ದಿನ. ಐನೂರು ಕಿಲೊ ಕುದುರೆಗೆ ದಿನಕ್ಕೆ ಎರಡು ಗ್ರಾಂ. ಮನುಷ್ಯರ 20 ಮಿಲಿಗ್ರಾಂ ಕ್ಯಾಪ್ಸೂಲಿನ ಲೆಕ್ಕದಲ್ಲಿ ನೂರು. ಹತ್ತು ಕ್ಯಾಪ್ಸೂಲ್ ಹಾಕಿ ‘ಕೊಟ್ಟಿದ್ದೀವಿ’ ಎನ್ನುವವರನ್ನು ಕಂಡರೆ ಅಯ್ಯೋ ಅನ್ನಿಸುತ್ತದೆ.

ಪುಡಿ ಮಾಡುವುದು ಇನ್ನೊಂದು ತಪ್ಪು. ಒಮೆಪ್ರಜೋಲ್ ಆಮ್ಲದಲ್ಲಿ ಕೆಡುವ ವಸ್ತು. ಕ್ಯಾಪ್ಸೂಲಿನೊಳಗಿನ ಸಣ್ಣ ಕಾಳುಗಳಿಗೆ ಹೊದಿಕೆ ಹಾಕಿರುವುದೇ ಜಠರ ದಾಟಿ ಕರುಳು ಸೇರಲೆಂದು. ಅರೆದರೆ ಆ ಹೊದಿಕೆ ಹೋಯಿತು, ಯಾವ ಆಮ್ಲವನ್ನು ತಗ್ಗಿಸಬೇಕೋ ಅದೇ ಔಷಧಿಯನ್ನು ನುಂಗಿತು. ಕುದುರೆಯ ಪೇಸ್ಟಿನಲ್ಲಿ ಈ ಕೆಡುಕನ್ನು ತಡೆಯುವ ವ್ಯವಸ್ಥೆ ಇರುತ್ತದೆ. ಎಲ್ಲೋ ಕಲಸಿ ಕೊಟ್ಟ ಅಗ್ಗದ ಮಿಶ್ರಣದಲ್ಲಿ ಅದು ಇದೆಯೋ ಇಲ್ಲವೋ ಹೇಳಲಾಗದು.

ಕೊಡುವ ಹೊತ್ತೂ ಮುಖ್ಯ. ಹೊಟ್ಟೆಯಲ್ಲಿ ಮೇವಿದ್ದಾಗ ಈ ಔಷಧಿ ಸರಿಯಾಗಿ ಮೈಗೆ ಹತ್ತುವುದಿಲ್ಲ. ರಾತ್ರಿಯ ಬಲೆ ಖಾಲಿಯಾದ ಮೇಲೆ, ಬೆಳಗಿನ ಮೊದಲ ಮೇವಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ ಕೊಡುವುದು ಸರಿಯಾದ ಕ್ರಮ. ಮೊದಲು ಔಷಧಿ, ಆಮೇಲೆ ಮೇವು, ಆಮೇಲೆ ಸವಾರಿ. ದಾಣಿಯಲ್ಲಿ ಕಲಸಿ ಕೊಟ್ಟರೆ ಸೈಸ್‌ಗೆ ಸುಲಭ, ಕುದುರೆಗೆ ದಂಡ.

ಇನ್ನು, ಜಠರದ ಮೇಲ್ಭಾಗದ ಹುಣ್ಣೂ ಕೆಳಭಾಗದ ಹುಣ್ಣೂ ಎರಡು ಬೇರೆ ಕಾಯಿಲೆಗಳು. ಯುರೋಪಿಯನ್ ಕಾಲೇಜ್ ಆಫ್ ಇಕ್ವೈನ್ ಇಂಟರ್ನಲ್ ಮೆಡಿಸಿನ್‌ನ ತಜ್ಞರು 2015ರಲ್ಲಿ ಇವಕ್ಕೆ ಬೇರೆ ಬೇರೆ ಹೆಸರನ್ನೇ ಬಳಸಬೇಕೆಂದರು. ಮೇಲ್ಭಾಗದ ಹುಣ್ಣು ನಾಲ್ಕು ವಾರದ ಒಮೆಪ್ರಜೋಲ್‌ನಿಂದ ನೂರರಲ್ಲಿ ಎಪ್ಪತ್ತಕ್ಕೂ ಹೆಚ್ಚು ಕುದುರೆಗಳಲ್ಲಿ ಮಾಯುತ್ತದೆ. ಕೆಳಭಾಗದ್ದು ಅದೇ ಔಷಧಿಗೆ, ಅಷ್ಟೇ ದಿನಗಳಲ್ಲಿ ನೂರರಲ್ಲಿ ಇಪ್ಪತ್ತೈದರಲ್ಲಷ್ಟೇ ಮಾಯುತ್ತದೆ. ಅದಕ್ಕೆ ಸುಕ್ರಾಲ್ಫೇಟ್ ಜೊತೆ ಸೇರಿಸುತ್ತಾರೆ, ಅಥವಾ ಮಿಸೊಪ್ರೊಸ್ಟಾಲ್ ಕೊಡುತ್ತಾರೆ. ಈ ಎರಡನೆಯದರ ಬಗ್ಗೆ ಒಂದು ಮಾತು: ಅದು ಗರ್ಭಪಾತಕ್ಕೂ ಬಳಸುವ ಔಷಧಿ. ಗರ್ಭಿಣಿಯರು ಅದನ್ನು ಮುಟ್ಟಲೇಬಾರದು, ಬೇರೆಯವರೂ ಕೈಗವಸು ಇಲ್ಲದೆ ಮುಟ್ಟುವುದು ಬೇಡ. ಲಾಯದಲ್ಲಿ ಹೆಣ್ಣುಮಕ್ಕಳು ಕೆಲಸ ಮಾಡುವ ಕಡೆ ಡಬ್ಬಿಯ ಮೇಲೆ ಇದನ್ನು ಕನ್ನಡದಲ್ಲಿ ಬರೆದು ಅಂಟಿಸಿ.

‘28 ದಿನ ಆಯ್ತು, ವಾಸಿಯಾಯ್ತು’

ಔಷಧಿ ಆಮ್ಲವನ್ನು ತಡೆದು ಗೋಡೆ ಮಾಯಲು ಬಿಡುವು ಕೊಟ್ಟಿತು, ಅಷ್ಟೆ. ಖಾಲಿ ಹೊಟ್ಟೆ, ಬಕೆಟ್ ದಾಣಿ ಹಾಗೆಯೇ ಮುಂದುವರಿದರೆ ಹುಣ್ಣು ಮರಳುವುದಕ್ಕೆ ತಿಂಗಳೂ ಬೇಕಾಗಿಲ್ಲ. ಒಂದು ದಿನ ಮೇವು, ಒಂದು ದಿನ ಉಪವಾಸ ಹೀಗೆ ಕುದುರೆಗಳನ್ನು ಇಟ್ಟು ನೋಡಿದ ಪ್ರಯೋಗದಲ್ಲಿ ಒಟ್ಟು 96 ಗಂಟೆಯ ಉಪವಾಸಕ್ಕೆ ಹುಣ್ಣು ಬಂದಿತ್ತು. ಸಾಧ್ಯವಿದ್ದರೆ ಔಷಧಿ ನಿಲ್ಲಿಸುವ ಮುನ್ನ ಇನ್ನೊಮ್ಮೆ ಒಳಗೆ ನೋಡಿಸುವುದು ಒಳ್ಳೆಯದು, ಏಕೆಂದರೆ ಕುದುರೆ ಉಲ್ಲಾಸವಾಗಿ ಕಂಡರೂ ಗೋಡೆ ಪೂರ್ತಿ ಮಾಯ್ದಿರದೆ ಇರಬಹುದು. ಸ್ಪರ್ಧೆಗೆ ಹೋಗುವವರು ತಮ್ಮ ಕ್ರೀಡೆಯ ನಿಯಮ ನೋಡಿಕೊಳ್ಳಬೇಕು. ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟ ಒಮೆಪ್ರಜೋಲ್‌ಗೆ ಅಡ್ಡಿ ಮಾಡುವುದಿಲ್ಲ, ರೇಸಿನ ನಿಯಮಗಳು ಇನ್ನೂ ಬಿಗಿ.

‘ಚಿಟಿಕೆ ಸೋಡಾ, ಒಂದಿಷ್ಟು ಲೋಳೆಸರ’

ಅಡುಗೆ ಸೋಡಾ ಆಮ್ಲವನ್ನು ತಗ್ಗಿಸುತ್ತದೆ ನಿಜ, ಆದರೆ ಸ್ವಲ್ಪ ಹೊತ್ತು ಮಾತ್ರ. ಆಮ್ಲ ಸುರಿಯುವುದು ನಿಂತಿಲ್ಲವಲ್ಲ. ರೇಸ್ ಕುದುರೆಗೆ ಇದನ್ನು ಕೊಡುವುದು ಅಪಾಯಕ್ಕೂ ದಾರಿ, ಯಾಕೆಂದರೆ ಸೋಡಾ ಕುಡಿಸಿ ದಣಿವು ತಡೆಯುವ ಮೋಸವನ್ನು ಹಿಡಿಯಲೆಂದೇ ರಕ್ತದಲ್ಲಿನ ಒಟ್ಟು ಇಂಗಾಲದ ಡೈಆಕ್ಸೈಡನ್ನು ಅಳೆಯುತ್ತಾರೆ.

ಲೋಳೆಸರದ ಬಗ್ಗೆ ಅಸಡ್ಡೆಯಿಂದ ಮಾತಾಡಲು ಮನಸ್ಸಿಲ್ಲ, ನಮ್ಮ ಹಿತ್ತಲಿನ ಗಿಡ. ಆದರೆ ಆಸ್ಟ್ರೇಲಿಯಾದಲ್ಲಿ ಅದನ್ನು ಒಮೆಪ್ರಜೋಲ್ ಜೊತೆ ಹೋಲಿಸಿ ನೋಡಿದ್ದಾರೆ. ಮೇಲ್ಭಾಗದ ಹುಣ್ಣು ಪೂರ್ತಿ ಮಾಯ್ದದ್ದು ಒಮೆಪ್ರಜೋಲ್ ಪಡೆದ ಕುದುರೆಗಳಲ್ಲಿ ಶೇ 75ರಷ್ಟರಲ್ಲಿ, ಲೋಳೆಸರ ಪಡೆದವುಗಳಲ್ಲಿ ಶೇ 17ರಷ್ಟರಲ್ಲಿ. ಹುಣ್ಣು ಇದೆಯೆಂದು ಗೊತ್ತಾದ ಮೇಲೂ ಬರೀ ಗಿಡದ ರಸದ ಮೇಲೆ ಕಾಲ ಕಳೆದರೆ ನೋವು ತಿನ್ನುವುದು ಕುದುರೆ.

‘ನೋವಿನ ಔಷಧಿ ಜೊತೆ ಗ್ಯಾಸ್ಟ್ರಿಕ್ ಔಷಧಿ ಕೊಟ್ರೆ ಏನೂ ಆಗಲ್ಲ’

ಕುಂಟುವ ಕುದುರೆಗೆ ಫೆನೈಲ್‌ಬ್ಯುಟಾಜೋನ್, ಅಂದರೆ ಎಲ್ಲ ಲಾಯದಲ್ಲೂ ಇರುವ ‘ಬ್ಯೂಟ್’, ಕೊಡುವಾಗ ಹೊಟ್ಟೆ ಕಾಯಲೆಂದು ಒಮೆಪ್ರಜೋಲ್ ಸೇರಿಸುವ ರೂಢಿ ಬೆಳೆದಿದೆ. ಜಠರದ ಮಟ್ಟಿಗೆ ಅದು ಸಹಾಯ ಮಾಡುತ್ತದೆ. ಆದರೆ ಎರಡನ್ನೂ ಒಟ್ಟಿಗೆ ಪಡೆದ ಕುದುರೆಗಳಲ್ಲಿ ಕರುಳಿನ ತೊಂದರೆಗಳು ಹೆಚ್ಚಾಗಿ ಕಂಡವು ಎಂದು 2021ರ ಅಧ್ಯಯನವೊಂದು ಹೇಳುತ್ತದೆ. ನೋವಿನ ಔಷಧಿಯನ್ನು ಬೇಕಾದಷ್ಟೇ ಪ್ರಮಾಣದಲ್ಲಿ, ಬೇಕಾದಷ್ಟೇ ದಿನ, ವೈದ್ಯರು ಬರೆದ ಹಾಗೆ ಕೊಡಿ. ಹೊಟ್ಟೆಗೆ ಔಷಧಿ ಸೇರಿಸಿದ್ದೇವೆಂಬ ಧೈರ್ಯದಲ್ಲಿ ಇನ್ನೊಂದು ವಾರ ಎಳೆಯುವುದು ಬೇಡ.

‘ಬಯಲಿಗೆ ಬಿಟ್ರೆ ತಾನೇ ವಾಸಿ’

ಬಯಲಲ್ಲಿ ಮೇಯುವುದು, ಜೊತೆಗೆ ಇನ್ನೊಂದು ಕುದುರೆ ಇರುವುದು ಒಳ್ಳೆಯದೇ. ಆದರೆ ಹುಲ್ಲುಗಾವಲಿನಲ್ಲೇ ಇದ್ದ ಗಬ್ಬದ ಹೆಣ್ಣು ಕುದುರೆಗಳಲ್ಲೂ ಹುಣ್ಣು ಧಾರಾಳವಾಗಿ ಸಿಕ್ಕಿದೆ. ಎಲ್ಲ ಹುಣ್ಣಿಗೂ ಮೇವು ಒಂದೇ ಉತ್ತರವಲ್ಲ. ಕೆಳಭಾಗದ ಹುಣ್ಣಂತೂ ಆಹಾರಕ್ಕಿಂತ ಹೆಚ್ಚಾಗಿ ಕುದುರೆಯ ದುಡಿಮೆ ಮತ್ತು ಒತ್ತಡದ ಕಡೆಗೆ ಬೆರಳು ತೋರಿಸುತ್ತದೆ. ವಾರಕ್ಕೆ ಐದು ದಿನ, ಅದಕ್ಕಿಂತ ಹೆಚ್ಚು ದುಡಿಯುವ ಕುದುರೆಗಳಲ್ಲಿ ಅದು ಹೆಚ್ಚು. ನೋಡಿಕೊಳ್ಳುವವರು, ಸವಾರಿ ಮಾಡುವವರು ಹಲವರಾದಷ್ಟೂ ಅದು ಹೆಚ್ಚು.

ಸವಾರಿ ಶಾಲೆಯ ಮಾಲೀಕರಿಗೆ ಈ ಮಾತು ಹಿಡಿಸುವುದಿಲ್ಲ, ಯಾಕೆಂದರೆ ಒಂದೇ ಕುದುರೆಯ ಮೇಲೆ ದಿನಕ್ಕೆ ನಾಲ್ಕು ಜನ ಹತ್ತಿಳಿಯುವುದೇ ಅವರ ವ್ಯಾಪಾರ. ಪ್ರತಿಯೊಬ್ಬರೂ ಲಗಾಮನ್ನು ಬೇರೆ ಬೇರೆ ಬಿಗಿಯಲ್ಲಿ ಹಿಡಿಯುತ್ತಾರೆ, ಹಿಮ್ಮಡಿಯಿಂದ ಬೇರೆ ಬೇರೆ ಸೂಚನೆ ಕೊಡುತ್ತಾರೆ. ಕುದುರೆ ಗಂಟೆಗೊಮ್ಮೆ ಹೊಸ ಭಾಷೆ ಕಲಿಯಬೇಕು. ಶಾಲೆ ಮುಚ್ಚಿ ಎಂದು ಯಾರೂ ಹೇಳುತ್ತಿಲ್ಲ. ಸೋಮವಾರದ ರಜೆಯ ಜೊತೆ ಪ್ರತಿ ಕುದುರೆಗೆ ಸರದಿಯ ಮೇಲೆ ಇನ್ನೊಂದು ದಿನದ ಬಿಡುವು ಕೊಡಬಹುದು. ಹೊಸಬರನ್ನು ಹೊರುವ ಕುದುರೆಗಳನ್ನು ಬೇರೆಯಾಗಿಯೇ ಗುರುತಿಸಿ, ಉಳಿದವಕ್ಕೆ ತಲಾ ಮೂರು ನಾಲ್ಕು ಖಾಯಂ ಸವಾರರನ್ನಷ್ಟೇ ಬರೆದುಕೊಳ್ಳಬಹುದು. ಹಿಂದೊಮ್ಮೆ ಹುಣ್ಣು ಕಂಡ ಕುದುರೆಗೆ ಇಬ್ಬರೇ ಸಾಕು, ಸೈಸ್ ಒಬ್ಬನೇ ಇರಲಿ, ಅದೂ ಅದನ್ನು ಮೊದಲಿಂದ ನೋಡಿಕೊಂಡವನೇ.